ಬಿರುಗಾಳಿ ನಂತರ ಕಡಲು ಚಿನ್ನ ತಂದು ಸುರಿಯುವುದಿಲ್ಲ: ಒಂದು ಸ್ಪಷ್ಟನೆ

‘ಬಿರುಗಾಳಿಯ ಮರುದಿನ ಆಳ ಸಮುದ್ರದ ಚಿನ್ನವೆಲ್ಲ ದಡಕ್ಕೆ ಬಂದು ಬೀಳುತ್ತದೆ, ಯಾವ ಮೆಟಲ್ ಡಿಟೆಕ್ಟರ್ ಆದರೂ ಸಾಕು, ಸಿಕ್ಕಿದ್ದು ಸಿಕ್ಕವರದ್ದೇ’ ಎಂಬ ಸಂದೇಶ ಹರಿದಾಡುತ್ತಿದೆ. ಮೂರೂ ಮಾತು ತಪ್ಪು.

ಶುದ್ಧ ಚಿನ್ನದ ಸಾಂದ್ರತೆ ನೀರಿನ 19.3 ಪಟ್ಟು, ಮರಳಿನ ಕಣದ್ದು ಸುಮಾರು 2.65. ಹಾಗಾಗಿ ಸ್ನಾನಕ್ಕಿಳಿದವರ ಬೆರಳಿನಿಂದ ಜಾರಿದ ಉಂಗುರ ಅಲ್ಲೇ ಆಸುಪಾಸಿನಲ್ಲಿ ಕೆಳಕೆಳಗೆ ಇಳಿದು, ಗಟ್ಟಿ ಜೇಡಿ ಅಥವಾ ಕಲ್ಲಿನ ಪದರದ ಮೇಲೆ ಕೂರುತ್ತದೆ. ದೊಡ್ಡ ಅಲೆಗಳು ಮಾಡುವುದು ಮೇಲಿನ ಮರಳನ್ನು ಕೊರೆದು ಒಯ್ಯುವ ಕೆಲಸ. ಆಗ ಹಳೆಯ ಪದರ ಯಂತ್ರದ ಅಳವಿಗೆ ಸಿಗುತ್ತದೆ. ಎಲ್ಲ ಕಡೆಯೂ ಅಲ್ಲ. ಕೆಲವೆಡೆ ಅದೇ ಗಾಳಿ ಇನ್ನಷ್ಟು ಮರಳು ತಂದು ಹೊದಿಸಿಬಿಡುತ್ತದೆ. ಮರಳು ಕೊರೆದು ಮೆಟ್ಟಿಲಿನಂತೆ ಕಾಣುವ ಜಾಗವನ್ನು ಕಡಲಿನ ಇಳಿತದ ಹೊತ್ತಿನಲ್ಲಿ ಹುಡುಕುವುದು ಸರಿಯಾದ ದಾರಿ.

ಉಪ್ಪುನೀರು ವಿದ್ಯುತ್ ಹರಿಸುವುದರಿಂದ ಒಂದೇ ಆವರ್ತನದ ಅಗ್ಗದ ಯಂತ್ರ ಒದ್ದೆ ಮರಳಿನಲ್ಲಿ ಸುಮ್ಮನೆ ಕೂಗುತ್ತಿರುತ್ತದೆ. ಪಲ್ಸ್ ಇಂಡಕ್ಷನ್ (ಬಿಟ್ಟುಬಿಟ್ಟು ವಿದ್ಯುತ್ ಮಿಡಿತ ಕಳಿಸಿ ಲೋಹ ಪತ್ತೆ ಮಾಡುವ ವಿಧಾನ) ಅಥವಾ ಬಹು-ಆವರ್ತನದ ಯಂತ್ರ ಬೇಕು. ಅಲ್ಯೂಮಿನಿಯಂ ಡಬ್ಬಿಯ ಮುಚ್ಚಳದ ಚೂರು ಕೂಡ ಚಿನ್ನದಂಥದ್ದೇ ಸದ್ದು ಕೊಡುತ್ತದೆ, ಅಗೆಯದೆ ಗೊತ್ತಾಗದು.

ಇನ್ನು ಒಡೆತನ. ಕಳೆದುಹೋದ ಮಾತ್ರಕ್ಕೆ ಒಡವೆ ಅನಾಥವಲ್ಲ. ಒಳಗೆ ಹೆಸರು, ತಾರೀಕು ಕೆತ್ತಿದ ಮದುವೆಯುಂಗುರಕ್ಕಾಗಿ ಯಾರೋ ಇನ್ನೂ ಕೊರಗುತ್ತಿರಬಹುದು. ದಯವಿಟ್ಟು ಪೊಲೀಸರಿಗೆ ತಿಳಿಸಿ.