ಸ್ಪಷ್ಟನೆ: ಆರಕ್ಕೆ ಆರು ಬಂದರೆ ಮುಗಿಯಲಿಲ್ಲ

‘ಕಾಟ್ಜ್ ಪಟ್ಟಿಯಲ್ಲಿ ಆರಕ್ಕೆ ಆರು ಅಂಕ ಬಂದ ಹಿರಿಯರನ್ನು ನಿಶ್ಚಿಂತೆಯಿಂದ ಒಂಟಿಯಾಗಿ ಬಿಡಬಹುದು’ ಎಂಬ ಸಂದೇಶ ತೀರ್ಥಹಳ್ಳಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಹಿರಿಯರು ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಬಲ್ಲರೇ ಎಂದು ಅಳೆಯುವ 1963ರ ಆ ಪಟ್ಟಿ ನೋಡುವುದು ಸ್ನಾನ, ಉಡುಪು, ಶೌಚ, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ ಇಷ್ಟನ್ನೇ. ಆರೋಗ್ಯವಂತ ಹಿರಿಯರಲ್ಲಿ ಬಹುತೇಕರಿಗೆ ಪೂರ್ಣ ಅಂಕ ಸಿಗುತ್ತದೆ. ಕುಸಿತ ಸಾಮಾನ್ಯವಾಗಿ ಮೊದಲು ಕಾಣುವುದು ಮಾತ್ರೆ, ಹಣದ ಲೆಕ್ಕ, ಒಬ್ಬರೇ ಬಸ್ ಹತ್ತಿ ಪೇಟೆಗೆ ಹೋಗಿಬರುವುದು ಇಂಥವುಗಳಲ್ಲಿ. ಇವಕ್ಕೆಂದೇ 1969ರಲ್ಲಿ ಸಂಶೋಧಕರಾದ ಲಾಟನ್ ಮತ್ತು ಬ್ರಾಡಿ ಎಂಟು ಅಂಶಗಳ ಪಟ್ಟಿ ಕೊಟ್ಟರು. ಅದನ್ನೂ ಕಣ್ಣುಮುಚ್ಚಿ ತುಂಬಬೇಡಿ: ಎಂದೂ ಒಲೆ ಮುಟ್ಟದ ಅಜ್ಜ ಅಡುಗೆ ಮಾಡದಿರುವುದು ಅಶಕ್ತಿಯಲ್ಲ. ಆದರೆ ಅಡಿಕೆ ಮಂಡಿಯ ಲೆಕ್ಕವನ್ನು ತಾವೇ ತಾಳೆ ನೋಡುತ್ತಿದ್ದವರು ಈಗ ಸುಮ್ಮನೆ ಮಗನ ಕೈಗಿಡುತ್ತಿದ್ದರೆ, ದಯವಿಟ್ಟು ಕೂತು ಕಾರಣ ಕೇಳಿ.