ಮೀಸೆ ಇರುವವರು ಯಾರಾದರೂ ಇದ್ದಾರಾ?

ಮಾರಿಷಸ್ ದ್ವೀಪದ ಸುತ್ತ ಹೆಚ್ಚುಕಡಿಮೆ ಪೂರ್ತಿ ಹವಳದ ದಿಬ್ಬ ಇದೆ. ದಕ್ಷಿಣದ ಗ್ರಿ ಗ್ರಿಯಂಥ ಕೆಲವು ಕಡೆ ಮಾತ್ರ ಅದು ಕಡಿದುಹೋಗಿದೆ, ಅಲ್ಲಿ ಅಲೆ ನೇರವಾಗಿ ಬಂದು ಬಂಡೆಗೆ ಅಪ್ಪಳಿಸುತ್ತದೆ. ಮಿಕ್ಕ ಕಡೆಯೆಲ್ಲ ದೊಡ್ಡ ಅಲೆಗಳು ದೂರದಲ್ಲೇ ದಿಬ್ಬಕ್ಕೆ ಬಡಿದು ಸುಸ್ತಾಗುತ್ತವೆ. ದಿಬ್ಬಕ್ಕೂ ದಡಕ್ಕೂ ನಡುವೆ ಉಳಿಯುವ ತಿಳಿನೀಲಿ ನೀರೇ ಲಗೂನ್. ಅದರಲ್ಲಿ ಮುಖ ಮುಳುಗಿಸಿ ಮೀನು ನೋಡಬೇಕಾದರೆ ದೋಣಿ ಬೇಕು, ದೋಣಿ ಬೇಕಾದರೆ ಬ್ರೋಷರ್ ಓದಬೇಕು. ಎಲ್ಲರ ಬ್ರೋಷರಿನಲ್ಲೂ ಪರಿಸರಸ್ನೇಹಿ ಅಂತ ಬರೆದು ಪಕ್ಕದಲ್ಲಿ ಒಂದು ಹಸಿರು ಎಲೆ ಹಾಕಿರುತ್ತಾರೆ. ಸಮುದ್ರದ ನಡುವೆ ಎಲೆಗೇನು ಕೆಲಸ ಅಂತ ಯಾರೂ ಕೇಳುವುದಿಲ್ಲ.

ದಸರಾ ರಜೆಗೆ ನಾವು ಹೋಗಿದ್ದು ನಾನು, ನಮ್ಮವರು, ಅಣ್ಣ, ಅತ್ತಿಗೆ, ಅವರ ಮಗ ಮತ್ತು ಅಮ್ಮ. ದೋಣಿ ಹುಡುಕುವ ಕೆಲಸ ನನಗೆ ಬಂತು. ಯಾಕೆ ಅಂದರೆ ಹೋಟೆಲ್ ಹುಡುಕಿದ್ದು ಅಣ್ಣ, ಆ ಹೋಟೆಲಿನ ಬಾತ್‌ರೂಮಿನಲ್ಲಿ ಮಗ್ ಇರಲಿಲ್ಲ, ಆಮೇಲೆ ಯಾವ ಜವಾಬ್ದಾರಿಯನ್ನೂ ಅಮ್ಮ ಅವನಿಗೆ ಕೊಡಲಿಲ್ಲ.

ಮೊದಲ ಪ್ರಶ್ನೆ, ಎಲ್ಲರ ಜೊತೆ ಹೋಗೋದಾ, ನಮಗೇ ಒಂದು ದೋಣಿ ಹಿಡಿಯೋದಾ. ಎಲ್ಲರ ಜೊತೆ ಹೋಗುವ ಕೆಟಮರಾನ್, ಅಂದರೆ ಜೋಡಿ ಒಡಲಿನ ದೊಡ್ಡ ದೋಣಿ, ಅಗ್ಗ. ಆದರೆ ಅದರಲ್ಲಿ ಒಂದು ಮದುವೆ ದಿಬ್ಬಣದಷ್ಟು ಜನ, ಬೆಳಗ್ಗೆಯಿಂದಲೇ ರಮ್, ಕಿವಿ ಹರಿಯುವ ಹಾಡು. ಅಮ್ಮನನ್ನು ಕೂರಿಸಿಕೊಂಡು ಅದು ಆಗದ ಮಾತು. ಹಾಗಾಗಿ ಪ್ರೈವೇಟ್ ದೋಣಿ ಅಂತ ತೀರ್ಮಾನವಾಗುವಷ್ಟರಲ್ಲಿ ಅಣ್ಣನ ಮಗ ಮೊಬೈಲಿನಿಂದ ತಲೆ ಎತ್ತಿದ. ಅವನು ಇಂಜಿನಿಯರಿಂಗ್ ಓದುತ್ತಿದ್ದಾನೆ, ತಲೆ ಎತ್ತಿದ ಅಂದರೆ ಏನೋ ಕಾದಿದೆ ಅಂತಲೇ ಅರ್ಥ.

"ಅತ್ತೆ, ಆರು ಜನಕ್ಕೆ ಅಂತ ಒಂದು ಬೋಟಿನ ಪೆಟ್ರೋಲ್ ಸುಡೋದು ಹೇಗೆ ಪರಿಸರಸ್ನೇಹಿ ಆಗುತ್ತೆ? ತಲೆಗಿಷ್ಟು ಅಂತ ಲೆಕ್ಕ ಹಾಕಿದ್ರೆ ಆ ರಮ್ ಕುಡಿಯೋರ ದೋಣಿನೇ ವಾಸಿ."

ಅವನು ಹೇಳಿದ್ದರಲ್ಲಿ ಹುರುಳಿತ್ತು, ಅದೇ ತೊಂದರೆ. ನಮ್ಮವರು, "ಮುಂಬೈಯಿಂದ ಆರು ಗಂಟೆ ವಿಮಾನದಲ್ಲಿ ಹಾರಿ ಬಂದಿದ್ದೀವಿ, ಈಗ ದೋಣಿ ಪೆಟ್ರೋಲ್ ಲೆಕ್ಕ ಹಾಕ್ತೀಯೇನೋ" ಅಂದರು. "ಅದನ್ನೂ ಲೆಕ್ಕ ಹಾಕ್ಲಾ?" ಅಂತ ಅವನು ಕೇಳಿದ. ಬೇಡ ಅಂತ ಎಲ್ಲರೂ ಒಟ್ಟಿಗೆ ಹೇಳಿದೆವು. ಆ ಇಡೀ ಪ್ರವಾಸದಲ್ಲಿ ನಾವು ಒಟ್ಟಿಗೆ ಹೇಳಿದ ಮಾತು ಅದೊಂದೇ ಇರಬೇಕು.

ನಾನು ಎಲ್ಲ ದೋಣಿಯವರಿಗೂ ಒಂದೇ ಥರದ ಪ್ರಶ್ನೆ ಕಳಿಸಿದೆ. ಲಂಗರು ಎಲ್ಲಿ ಹಾಕ್ತೀರಿ? ಮೀನಿಗೆ ಬ್ರೆಡ್ ಹಾಕ್ತೀರಾ? ಇಂಜಿನ್ ಎಂಥದ್ದು? ಕೆಲವರು ಪೇಪರ್ ಸ್ಟ್ರಾ ಕೊಡ್ತೀವಿ ಮೇಡಂ ಅಂತ ಬರೆದರು. ಲಂಗರಿನ ಬಗ್ಗೆ ಕೇಳಿದರೆ ಸ್ಟ್ರಾ, ಇಂಜಿನ್ ಬಗ್ಗೆ ಕೇಳಿದರೂ ಸ್ಟ್ರಾ. ಒಬ್ಬರಂತೂ ಎಲ್ಲದಕ್ಕೂ ನೋ ಪ್ರಾಬ್ಲಂ. ಮೀನಿಗೆ ಬ್ರೆಡ್ ಹಾಕ್ತೀರಾ, ನೋ ಪ್ರಾಬ್ಲಂ. ಹಾಕಲ್ವಾ, ನೋ ಪ್ರಾಬ್ಲಂ. ಕಬ್ಬಿಣದ ಲಂಗರು ಹವಳದ ಮೇಲೆ ಬಿದ್ದರೆ, ಸರಪಳಿ ಗಾಳಿಗೆ ಅತ್ತಿತ್ತ ಎಳೆದಾಡಿದರೆ, ದಶಕಗಟ್ಟಲೆ ಬೆಳೆದದ್ದು ಒಂದು ಮಧ್ಯಾಹ್ನದಲ್ಲಿ ಪುಡಿಯಾಗುತ್ತದೆ. ಅದಕ್ಕೇ ನೀರಿನಲ್ಲಿ ಮೊದಲೇ ಕಟ್ಟಿಟ್ಟ ತೇಲುಬುರುಡೆಗೆ ದೋಣಿ ಕಟ್ಟಬೇಕು. ಇದನ್ನು ಹೇಳದವನು ಎಷ್ಟು ಸ್ಟ್ರಾ ಕೊಟ್ಟರೂ ಅಷ್ಟೇ ಅಂತ ನನ್ನ ಅಭಿಪ್ರಾಯ.

ಒಬ್ಬನೇ ಒಬ್ಬ ತಿರುಗಿ ಪ್ರಶ್ನೆ ಕೇಳಿದ. ಎಷ್ಟು ಜನಕ್ಕೆ ಈಜು ಬರುತ್ತೆ? ಯಾರಿಗಾದರೂ ಕನ್ನಡಕ ಇದೆಯಾ? ಮೀಸೆ ಇರುವವರು ಯಾರಾದರೂ ಇದ್ದಾರಾ?

ಅಣ್ಣ ಇದನ್ನು ಜೋರಾಗಿ ಓದಿ, "ಇವನಿಗ್ಯಾಕೆ ನನ್ನ ಮೀಸೆ ಉಸಾಬರಿ" ಅಂದ. ನಾನು ಆ ದೋಣಿಯವನನ್ನೇ ಗೊತ್ತು ಮಾಡಿದೆ.

ದೋಣಿ ಹೊರಡುವುದು ದ್ವೀಪದ ಆಗ್ನೇಯ ಮೂಲೆಯಲ್ಲಿರುವ ಬ್ಲೂ ಬೇಯಿಂದ. ವಿಮಾನ ನಿಲ್ದಾಣಕ್ಕೆ ತೀರ ಹತ್ತಿರ. ಮೊದಲು ರಾಷ್ಟ್ರೀಯ ಉದ್ಯಾನವಾಗಿತ್ತು, 2000ರಲ್ಲಿ ಮರೀನ್ ಪಾರ್ಕ್ ಆಯಿತು, 2008ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಈಜಲು ಒಂದು ಜಾಗ, ದೋಣಿ ಓಡಾಡಲು ಒಂದು ಜಾಗ, ಹವಳಕ್ಕೆ ಅಂತ ಬೇರೆ ಜಾಗ ಗುರುತು ಮಾಡಿದ್ದಾರೆ. ನಮ್ಮ ಕ್ಯಾಪ್ಟನ್ ಐವತ್ತರ ಆಸುಪಾಸಿನ ಮನುಷ್ಯ. ಅಜ್ಜನ ಅಜ್ಜ ಬಿಹಾರದಿಂದ ಕಬ್ಬಿನ ಗದ್ದೆ ಕೆಲಸಕ್ಕೆ ಹಡಗಿನಲ್ಲಿ ಬಂದವರಂತೆ. ಮನೆಯಲ್ಲಿ ಅಲ್ಲಿನ ಕ್ರಿಯೋಲ್ ಭಾಷೆ, ನಮ್ಮ ಜೊತೆ ಇಂಗ್ಲಿಷ್, ಅಮ್ಮನ ಜೊತೆ ಸಿನಿಮಾ ನೋಡಿ ಕಲಿತ ಹಿಂದಿ. ಅಮ್ಮ ಅವನ ಜೊತೆ ಕೊನೆಯವರೆಗೂ ಕನ್ನಡದಲ್ಲೇ ಮಾತಾಡಿದರು. ಇಬ್ಬರಿಗೂ ಏನೂ ಕಷ್ಟ ಆದ ಹಾಗೆ ಕಾಣಲಿಲ್ಲ.

ಇಂಜಿನ್ ಫೋರ್ ಸ್ಟ್ರೋಕ್ ಅಂತ ಅವನು ಹೆಮ್ಮೆಯಿಂದ ತೋರಿಸಿದ. ಹಳೇ ಟೂ ಸ್ಟ್ರೋಕ್ ಇಂಜಿನ್ನುಗಳು ಪೆಟ್ರೋಲ್ ಜೊತೆ ಆಯಿಲ್ ಬೆರೆಸಿಕೊಂಡು ಸುಡುತ್ತವೆ, ಸುಡದೆ ಉಳಿದದ್ದನ್ನು ನೀರಿಗೆ ಬಿಡುತ್ತವೆ. ಅಣ್ಣನಿಗೆ ಇದು ಹಿಡಿಸಲಿಲ್ಲ. ಅವನ ಯೌವನ ಪೂರ್ತಿ ಮೈಸೂರಿನಲ್ಲಿ ತಯಾರಾದ ಯೆಜ್ಡಿ ಬೈಕಿನ ಮೇಲೆ ಕಳೆದಿದೆ. ಟೂ ಸ್ಟ್ರೋಕಿನ ಹೊಗೆ ಅಂದರೆ ಅವನಿಗೆ ಈಗಲೂ ಕಣ್ಣು ತುಂಬಿ ಬರುತ್ತೆ, ನಮಗೆ ಆಗಲೂ ಬರುತ್ತಿತ್ತು.

ಆಮೇಲೆ ಸನ್‌ಸ್ಕ್ರೀನ್ ತಪಾಸಣೆ. ಅತ್ತಿಗೆ ತಂದಿದ್ದ ದುಬಾರಿ ಟ್ಯೂಬಿನ ಹಿಂದೆ ಬರೆದದ್ದನ್ನು ಅವನು ಕಣ್ಣು ಕಿರಿದು ಮಾಡಿ ಓದಿ, ಆಕ್ಸಿಬೆನ್‌ಜೋನ್ ಇದೆ, ಇಟ್ಟುಬಿಡಿ ಅಂದ. ಈ ರಾಸಾಯನಿಕ ಮರಿ ಹವಳಕ್ಕೆ ಒಳ್ಳೆಯದಲ್ಲ ಅಂತ ಹವಾಯಿಯಲ್ಲಿ 2021ರಿಂದ ಇದಿರುವ ಕ್ರೀಮು ಮಾರುವುದನ್ನೇ ನಿಲ್ಲಿಸಿದ್ದಾರೆ, ಪಲಾವು ದೇಶದಲ್ಲಿ ಅದಕ್ಕೂ ಒಂದು ವರ್ಷ ಮೊದಲೇ. ಬದಲಿಗೆ ಅವನು ಕೊಟ್ಟಿದ್ದು ಸತುವಿನ ಬಿಳಿ ಲೇಪ. ಎಷ್ಟು ಉಜ್ಜಿದರೂ ಒಳಗೆ ಇಳಿಯಲ್ಲ. ಐದೂ ಜನ ಬೆಳ್ಳಗೆ ಬಳಿದುಕೊಂಡು ಕೂತೆವು. ಅಮ್ಮ ಮಾತ್ರ ತುಂಬು ತೋಳಿನ ಕುರ್ತಾ, ಉದ್ದ ಪ್ಯಾಂಟ್, ಮೇಲೊಂದು ಟವೆಲ್. ಕ್ಯಾಪ್ಟನ್ ಅವರನ್ನು ತೋರಿಸಿ, ಮೈ ತುಂಬ ಬಟ್ಟೆ ಹಾಕಿಕೊಂಡರೆ ಕ್ರೀಮೇ ಬೇಡ, ಈ ದೋಣಿಯಲ್ಲಿ ನಿಜವಾದ ಪರಿಸರಸ್ನೇಹಿ ಮಾತಾಜಿ ಒಬ್ಬರೇ ಅಂದ. ಅದನ್ನು ನಾನು ಕನ್ನಡಕ್ಕೆ ತಿರುಗಿಸಿ ಹೇಳಬಾರದಿತ್ತು. ಆಮೇಲೆ ಇಡೀ ದಿನ ಅವರನ್ನು ಹಿಡಿಯೋರಿರಲಿಲ್ಲ.

ನೀರೊಳಗೆ ನೋಡಲು ಕಣ್ಣು ಮೂಗು ಮುಚ್ಚುವ ಹಾಗೆ ಹಾಕಿಕೊಳ್ಳುವ ಮಾಸ್ಕಿನ ಗಾಜು ಮಬ್ಬಾಗದಿರಲು ಏನು ಮಾಡಬೇಕು ಅಂತ ಅವನು ತೋರಿಸಿದಾಗ ಮಾತ್ರ ಅವರ ಸಂತೋಷಕ್ಕೆ ಪೆಟ್ಟು ಬಿತ್ತು. ಗಾಜಿನ ಒಳಮೈಗೆ ಉಗುಳಿ, ಬೆರಳಿನಿಂದ ತಿಕ್ಕಿ, ಸಮುದ್ರದ ನೀರಲ್ಲಿ ಒಮ್ಮೆ ಅದ್ದಬೇಕು. ಉಪಾಯವೇನೋ ಸರಿಯೇ. ಆದರೆ ಅಮ್ಮ ತಕ್ಷಣ ಒಂದು ಹೆಜ್ಜೆ ಮುಂದೆ ಯೋಚಿಸಿದರು. "ನಿನ್ನೆ ಇದನ್ನ ಹಾಕ್ಕೊಂಡಿದ್ದೋರೂ ಹೀಗೇ ಉಗಿದಿದ್ರಾ?" ದೋಣಿಯಲ್ಲಿ ಮೌನ. ತೊಳೆದಿರ್ತಾರೆ ಕಣಮ್ಮ ಅಂತ ಅಣ್ಣ ಹೇಳಿದ, ಹೇಳುತ್ತಾ ಮಾಸ್ಕನ್ನು ಮುಖದಿಂದ ಸ್ವಲ್ಪ ದೂರ ಹಿಡಿದ. ಎಂಜಲು ಅನ್ನೋ ಯೋಚನೆ ಒಮ್ಮೆ ತಲೆಗೆ ಬಂದ ಮೇಲೆ ಮುಗೀತು. ಅಮ್ಮ ನೀರಿಗೇ ಇಳಿಯಲ್ಲ ಅಂದರು. ಅದೃಷ್ಟಕ್ಕೆ ದೋಣಿಯ ತಳದಲ್ಲಿ ಒಂದು ಗಾಜು ಕೂರಿಸಿದ್ದರು, ಅದರ ಪಕ್ಕ ಕಾಲು ಚಾಚಿ ಕೂತರು.

ನಾವು ಇಳಿದೆವು. ಅಣ್ಣ ಇಳಿದ, ಬುಳಬುಳ ಅಂದ, ಹತ್ತಿದ. ಮತ್ತೆ ಇಳಿದ, ಮತ್ತೆ ಕೆಮ್ಮುತ್ತಾ ಹತ್ತಿದ. ಮಾಸ್ಕಿನ ರಬ್ಬರ್ ಅಂಚು ಚರ್ಮಕ್ಕೆ ಅಂಟಿಕೊಂಡರೆ ನೀರು ಒಳಗೆ ಬರಲ್ಲ, ನಡುವೆ ಕೂದಲಿದ್ದರೆ ಸಂದಿಯಲ್ಲಿ ನುಗ್ಗುತ್ತದೆ. ಅಣ್ಣನದು ಕಾಲೇಜಿನ ಕಾಲದ ಮೀಸೆ, ದಪ್ಪಗಿದೆ, ಮೂಗಿನ ಬುಡದವರೆಗೂ ಇದೆ. ಅದಕ್ಕೇ ನಾನು ಮೊದಲೇ ಕೇಳಿದ್ದು ಅಂತ ಕ್ಯಾಪ್ಟನ್ ಶಾಂತವಾಗಿ ಹೇಳಿದ. ಪೂರ್ತಿ ತೆಗೆಯೋದು ಬೇಡ, ಮೂಗಿನ ಕೆಳಗೆ ಒಂದು ಗೆರೆಯಷ್ಟು ಕತ್ತರಿಸಿದರೆ ಸಾಕು. ಸಾಧ್ಯವೇ ಇಲ್ಲ ಅಂದ ಅಣ್ಣ.

ಆಗ ಕ್ಯಾಪ್ಟನ್ ದಡದ ಆಚೆ ಕೈ ತೋರಿಸಿದ. 2020ರ ಜುಲೈ 25ಕ್ಕೆ ವಾಕಾಶಿಯೋ ಅನ್ನೋ ಸರಕು ಹಡಗು ಇಲ್ಲೇ ಪಕ್ಕದ ಪಾಯಿಂಟ್ ದೆಸ್ನಿ ಎದುರು ಹವಳದ ದಿಬ್ಬಕ್ಕೆ ಬಂದು ಹತ್ತಿ ಕೂತಿತ್ತು. ಆಗಸ್ಟ್ 6ರಿಂದ ಎಣ್ಣೆ ಸೋರಲು ಶುರುವಾಗಿ ಸುಮಾರು 1,000 ಟನ್ ನೀರಿಗೆ ಸೇರಿತು. ಊರವರು ಯಾರನ್ನೂ ಕಾಯದೆ ಬಟ್ಟೆಯ ಉದ್ದ ಚೀಲ ಹೊಲಿದು, ಒಳಗೆ ಕಬ್ಬಿನ ರವದಿ ತುಂಬಿ, ಎಣ್ಣೆ ತಡೆಯಲು ನೀರಿಗೆ ಬಿಟ್ಟರು. ಕೂದಲು ಎಣ್ಣೆ ಹೀರುತ್ತೆ ಅಂತ ಗೊತ್ತಾಗಿ ಜನ ಕ್ಷೌರದಂಗಡಿಗೆ ಹೋಗಿ ತಲೆಗೂದಲು ಕತ್ತರಿಸಿ ಕೊಟ್ಟರು. ತನ್ನ ಮಗಳೂ ಕೊಟ್ಟಳು ಅಂದ. ಸ್ವಲ್ಪ ಹೊತ್ತು ಬಿಟ್ಟು, "ಈ ಲಗೂನಿಗೆ ಜನ ಜಡೆಯನ್ನೇ ಕೊಟ್ಟಿದ್ದಾರೆ ಸರ್" ಅಂತ ಅಣ್ಣನ ಮೀಸೆ ಕಡೆ ನೋಡಿದ.

ಇದಕ್ಕೆ ಯಾರು ತಾನೇ ಏನು ಹೇಳೋಕಾಗುತ್ತೆ. ಪ್ರಥಮ ಚಿಕಿತ್ಸೆಯ ಡಬ್ಬದಿಂದ ಕತ್ತರಿ ಬಂತು. ಅದು ಬ್ಯಾಂಡೇಜ್ ಕತ್ತರಿಸುವ ಮೊಂಡು ಕತ್ತರಿ. ಹಿಡಿದದ್ದು ಅತ್ತಿಗೆ. ದೋಣಿ ಎಡಕ್ಕೆ ವಾಲಿದಾಗ ಬಲಗಡೆ ಜಾಸ್ತಿ ಹೋಯಿತು. ಸಮ ಮಾಡೋಣ ಅಂತ ಎಡಗಡೆ ಹಿಡಿದಾಗ ಪಕ್ಕದಲ್ಲೊಂದು ಸ್ಪೀಡ್ ಬೋಟ್ ಹೋಯಿತು. "ರೀ, ಅಲ್ಲಾಡಬೇಡಿ" ಅಂತ ಅತ್ತಿಗೆ. "ನಾನಲ್ಲ ಕಣೇ, ಹಿಂದೂ ಮಹಾಸಾಗರ" ಅಂತ ಅಣ್ಣ. ಮಗ ಇದನ್ನೆಲ್ಲ ವಿಡಿಯೋ ಮಾಡಿದ್ದಾನೆ, ಇನ್ನೂ ಅಳಿಸಿಲ್ಲ. ಮೀಸೆ ಕೊನೆಗೆ ತುಟಿಯ ಮೇಲೆ ಒಂದು ತೆಳ್ಳನೆ ದಾರವಾಗಿ ಉಳಿಯಿತು. ಆದರೆ ನೀರು ಒಂದು ತೊಟ್ಟೂ ಒಳಗೆ ಬರಲಿಲ್ಲ.

ಕೆಳಗೆ ಏನಿತ್ತು ಅಂತ ಬರೆಯೋದು ಕಷ್ಟ, ಸುಮ್ನೆ ಬಣ್ಣಗಳ ಹೆಸರು ಹೇಳಿದ ಹಾಗಾಗುತ್ತೆ. ನನಗೆ ನೆನಪಿರೋದು ಶಬ್ದ. ಗಿಳಿಮೀನು ಹವಳ ಕಡಿಯುವ ಕರಕರ ನೀರಿನೊಳಗೆ ಸ್ಪಷ್ಟವಾಗಿ ಕೇಳುತ್ತೆ. ಅದು ಹವಳದ ಮೇಲಿನ ಪಾಚಿ ಕೆರೆದು ತಿನ್ನುತ್ತೆ, ಜೊತೆಗೆ ಬಂದ ಸುಣ್ಣವನ್ನು ಅರೆದು ಹಿಂದಿನಿಂದ ಮರಳಾಗಿ ಬಿಡುತ್ತೆ. ಹವಳ ಇರುವ ಕಡೆಯ ಬಿಳಿ ಮರಳಿನಲ್ಲಿ ಒಂದು ಪಾಲು ಹೀಗೆ ಬಂದದ್ದು. ಇದನ್ನು ಮೇಲೆ ಬಂದು ಹೇಳಿದಾಗ ಅಮ್ಮ ತಮ್ಮ ಅಂಗಾಲನ್ನು ತಿರುಗಿಸಿ ನೋಡಿಕೊಂಡರು. ಬೆಳಗ್ಗೆ ಆ ಮರಳಿನ ಮೇಲೆ ಬರಿಗಾಲಲ್ಲಿ ವಾಕಿಂಗ್ ಮಾಡಿದ್ದರು.

ನಮ್ಮವರು ಸುಸ್ತಾಯಿತು ಅಂತ ಒಂದು ಉಬ್ಬಿದ ಬಂಡೆಯ ಮೇಲೆ ನಿಲ್ಲಲು ಹೋಗಿ ಸರಿಯಾಗಿ ಬೈಸಿಕೊಂಡರು. ಅದು ಬಂಡೆಯಲ್ಲ, ಜೀವ ಇರುವ ಹವಳ, ವರ್ಷಕ್ಕೆ ಕೆಲವು ಮಿಲಿಮೀಟರ್ ಬೆಳೆಯುವಂಥದ್ದು. ಬ್ಲೂ ಬೇಯಲ್ಲಿ ಮೆದುಳಿನ ಆಕಾರದ ಒಂದು ಹವಳಕ್ಕೆ ಸಾವಿರ ವರ್ಷ ಅಂತ ಹೇಳುತ್ತಾರೆ. ಅಂದರೆ ಹೆಚ್ಚುಕಡಿಮೆ ಶ್ರವಣಬೆಳಗೊಳದ ಗೊಮ್ಮಟನ ವಾರಿಗೆ. ಅಲ್ಲಿ ಪಾದದ ಹತ್ತಿರ ಹೋಗಿ ಕೈ ಮುಗಿಯೋ ನಾವು ಇಲ್ಲಿ ತಲೆ ಮೇಲೇ ಕಾಲಿಡೋಕೆ ಹೊರಟಿದ್ದೆವು.

ಒಂದು ಕಡೆ ಹವಳ ಪೂರ್ತಿ ಬೆಳ್ಳಗಿತ್ತು. ಅತ್ತಿಗೆ ಎಷ್ಟು ಚೆನ್ನಾಗಿದೆ ಅಂದರು. ಕ್ಯಾಪ್ಟನ್ ಒಂದು ನಿಮಿಷ ಮಾತಾಡಲಿಲ್ಲ. ಸಮುದ್ರ ವಾಡಿಕೆಗಿಂತ ಜಾಸ್ತಿ ಬಿಸಿಯಾಗಿ ಹಾಗೇ ಉಳಿದರೆ ಹವಳದ ಒಳಗೆ ವಾಸ ಮಾಡುವ ಪಾಚಿ ಹೊರಟುಹೋಗುತ್ತೆ, ಬಣ್ಣವೂ ಊಟವೂ ಅದರದ್ದೇ, ಹವಳ ಬೆಳ್ಳಗಾಗಿ ಉಪವಾಸ ಬೀಳುತ್ತೆ ಅಂದ. ಅಣ್ಣನ ಮಗ ನನ್ನ ಮುಖ ನೋಡಿದ. ವಿಮಾನದ ಲೆಕ್ಕ ಅವನು ಎತ್ತಲಿಲ್ಲ, ಸದ್ಯ.

ಇಷ್ಟರಲ್ಲಿ ಗಾಜಿನ ಪಕ್ಕ ಕೂತಿದ್ದ ಅಮ್ಮ ಚೀಲದಿಂದ ಮಂಡಕ್ಕಿ ಪ್ಯಾಕೆಟ್ ತೆಗೆದಿದ್ದರು. ಬೆಂಗಳೂರಿನಿಂದ ತಂದದ್ದು, ಮೀನಿಗೆ ಅಂತಲೇ. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿ ಅಭ್ಯಾಸ ಇರೋರಿಗೆ ನೀರಲ್ಲಿ ಮೀನು ಕಂಡರೆ ಕೈ ತಡೆಯಲ್ಲ. ಕ್ಯಾಪ್ಟನ್ ಹಾರಿ ಬಂದು ಕೈ ಅಡ್ಡ ಹಿಡಿದ. ಇಲ್ಲಿ ಹಾಕುವಂತಿಲ್ಲ ಮಾತಾಜಿ. ಪಟ್ಟೆ ಪಟ್ಟೆ ಮೀನುಗಳು ತಿಂಡಿಯ ರುಚಿ ಹತ್ತಿ ಜನರ ಬೆರಳಿಗೇ ಬಾಯಿ ಹಾಕುತ್ತವೆ, ಪಾಚಿ ತಿನ್ನಬೇಕಾದ ಮೀನು ಆ ಕೆಲಸ ಬಿಟ್ಟರೆ ಹವಳದ ಮೇಲೆ ಪಾಚಿ ಮುಚ್ಚಿಕೊಳ್ಳುತ್ತೆ.

"ಹಸಿದ ಪ್ರಾಣಿಗೆ ಹಾಕೋದು ಪುಣ್ಯ ಅಂತ ಇವನಿಗೆ ಹೇಳು."

"ಅವು ಹಸಿದಿಲ್ಲಮ್ಮ, ಡ್ಯೂಟಿ ಮೇಲಿವೆ."

"ಡ್ಯೂಟಿ ಮೇಲಿರೋರು ತಿಂಡಿ ತಿನ್ನಲ್ವಾ? ನಿಮ್ಮಪ್ಪ ಆಫೀಸಲ್ಲಿ ಮತ್ತಿನ್ನೇನು ಮಾಡ್ತಿದ್ರು?"

ವಾದದಲ್ಲಿ ಗೆದ್ದಿದ್ದು ಅಮ್ಮ. ಪ್ಯಾಕೆಟ್ ಮಾತ್ರ ತೆರೆಯಲಿಲ್ಲ. ಊಟಕ್ಕೆ ಕ್ಯಾಪ್ಟನ್ ಮಾಯೆಬೂರ್ ಪೇಟೆಯಿಂದ ಧಾಲ್‌ಪುರಿ ತಂದಿದ್ದ, ಬೇಳೆ ಪುಡಿ ತುಂಬಿದ ತೆಳ್ಳನೆ ರೊಟ್ಟಿ, ಜೊತೆಗೆ ಕಾಳಿನ ಪಲ್ಯ, ಮೆಣಸಿನಕಾಯಿ ಚಟ್ನಿ. ಅಮ್ಮ ಒಂದು ತುತ್ತು ತಿಂದು, "ಇದು ಹೋಳಿಗೆನೇ, ಬೆಲ್ಲ ಹಾಕೋದು ಮರೆತಿದ್ದಾರೆ ಪಾಪ" ಅಂದರು. ಆಮೇಲೆ ಮಂಡಕ್ಕಿಗೆ ಈರುಳ್ಳಿ, ಟೊಮೆಟೊ ಹೆಚ್ಚಿ ಹಾಕಿ, ನಿಂಬೆಹಣ್ಣು ಹಿಂಡಿ, ಅದೇ ಚಟ್ನಿ ಕಲಸಿ ಎಲ್ಲರಿಗೂ ಕೊಟ್ಟರು. ಕ್ಯಾಪ್ಟನ್ ಮತ್ತೆ ಮತ್ತೆ ಕೇಳಿ ಹಾಕಿಸಿಕೊಂಡ. ಮೀನಿಗೆ ಹಾಕಿದ್ರೂ ಇಷ್ಟು ತಿಂತಿರಲಿಲ್ಲ ಅಂತ ಅಮ್ಮ ನನ್ನ ಕಿವಿಯಲ್ಲಿ ಹೇಳಿದರು.

ದಡಕ್ಕೆ ಬಂದಾಗ ಅವನು ಅಭಿಪ್ರಾಯ ಬರೆಯುವ ಪುಸ್ತಕ ಮುಂದಿಟ್ಟ. ನಾನು ಲಂಗರು, ಹವಳ ಅಂತೆಲ್ಲ ಚೆನ್ನಾಗಿ ಹೊಗಳಿ ಒಂದು ಪ್ಯಾರಾ ಬರೆದೆ. ಅಣ್ಣ ನನ್ನ ಕೈಯಿಂದ ಪೆನ್ ತೆಗೆದುಕೊಂಡು ಕೆಳಗೆ ಒಂದೇ ಸಾಲು ಸೇರಿಸಿದ. ಎಲ್ಲಾ ಚೆನ್ನಾಗಿತ್ತು, ಕತ್ತರಿ ಬದಲಾಯಿಸಿ.