ನನ್ನ ಹಲ್ಲಿಗೊಂದು ಲೋಟ

ನಮ್ಮದು ಅಡಿಕೆ ತೋಟದ ಮನೆ. ಅಜ್ಜನಿಗೆ ಹಲ್ಲು ಹೋದ ಮೇಲೆ ಪುಟ್ಟ ಒರಳಲ್ಲಿ ಕವಳ, ಅಂದರೆ ಎಲೆಅಡಿಕೆ, ಕುಟ್ಟಿ ಕೊಡುವ ಕೆಲಸ ನನ್ನದಾಗಿತ್ತು. ಕುಟ್ಟಿದವನ ಪಾಲು ಅಂತ ಒಂದು ಚಿಟಿಕೆ ನನ್ನ ಬಾಯಿಗೂ ಬೀಳುತ್ತಿತ್ತು. ಶುರುವಾದದ್ದೇ ಅಲ್ಲಿಂದ. ಅಡಿಕೆ ನಮ್ಮನ್ನು ಸಾಕಿತು, ಸಂಬಳ ಅಂತ ಹಲ್ಲು ಹಿಡಿದುಕೊಂಡಿತು.

64 ದಾಟುವಾಗ ಉಳಿದದ್ದು 5. ಅವೂ ಮಾತು ಬಿಟ್ಟ ದಾಯಾದಿಗಳ ಹಾಗೆ ದೂರ ದೂರ. ಸಿರ್ಸಿಯ ಹಲ್ಲಿನ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಇವನ್ನೂ ತೆಗೆದು ಪೂರಾ ಸೆಟ್ಟೇ ಮಾಡುವ" ಅಂದರು. ತೆಗೆದರು. ವಸಡು ಮಾಗಲಿ ಅಂತ ಎರಡು ತಿಂಗಳ ಮೇಲೆ ಕಾಯಿಸಿದರು. ಗಂಜಿ, ತಂಬ್ಳಿ, ಮತ್ತೆ ಗಂಜಿ. ಅದರ ಮಧ್ಯೆಯೇ ಚೌತಿ ಬರಬೇಕೇ! ಚಕ್ಕುಲಿ ಕಂಬಳಕ್ಕೆ ಅಕ್ಕಪಕ್ಕದವರೆಲ್ಲ ನಮ್ಮ ಮನೆಯಲ್ಲಿ ಸೇರಿದ್ದರು. ಹಿಟ್ಟು ಹೊಸೆದು ಸುತ್ತುವುದರಲ್ಲಿ ನನ್ನ ಕೈ ಚುರುಕು. ಸುತ್ತಿದ್ದೇ ಸುತ್ತಿದ್ದು. ತಿಂದದ್ದು ಮಾತ್ರ ಒಂದು, ಅದೂ ಚಹಾದಲ್ಲಿ ಅದ್ದಿ. ಕೈ ಚಕ್ಕುಲಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ.

ಆಮೇಲೆ ಅಳತೆ. ದೋಸೆ ಹಿಟ್ಟಿನಂಥದ್ದನ್ನು ಕಲಸಿ ಬಾಯಿಗೆ ತುರುಕಿ, "ಮೂಗಲ್ಲಿ ಉಸಿರಾಡಿ" ಅಂದರು. ಅದು ಗಟ್ಟಿಯಾಗುವಷ್ಟರಲ್ಲಿ ನಾನು ಮಾರಿಕಾಂಬೆಗೆ ಎರಡು ಹಣ್ಣುಕಾಯಿ ಹೇಳಿಕೊಂಡಾಗಿತ್ತು. ಇನ್ನೊಂದು ದಿನ ಮೇಣ ಕಚ್ಚಿಸಿದರು. ಕಡೆಗೂ ಸೆಟ್ಟು ಕೈಗೆ ಬಂತು. ಎಣಿಸಿದೆ, 28. ಅಡಿಕೆ ವ್ಯಾಪಾರದಲ್ಲಿ ಪಳಗಿದವನು ತೂಕ ಬಿಟ್ಟುಕೊಡ್ತೇನಾ? "ನಾಲ್ಕು ಕಮ್ಮಿ ಇದೆ" ಅಂದೆ. "ಬುದ್ಧಿಹಲ್ಲು ಇಡೋದಿಲ್ಲ" ಅಂದರು. ಮನೆಗೆ ಬಂದು ಹೆಂಡತಿಗೆ ಹೇಳಿದರೆ, ಅವಳು ತಲೆ ಎತ್ತದೆ, "ಅದು ಮುಂಚೆನೂ ಇತ್ತಿಲ್ಲೆ" ಅಂದಳು.

ಮೇಲಿನ ಸೆಟ್ಟು ಒಳ್ಳೆಯದು. ಒದ್ದೆ ತಟ್ಟೆಗೆ ಬಾಳೆಲೆ ತುಂಡು ಅಂಟಿದ ಹಾಗೆ, ಜೊಲ್ಲಿನ ತೇವಕ್ಕೆ ಅಂಗುಳಕ್ಕೆ ಅಂಟಿ ಕೂರುತ್ತದೆ. ಕೆಳಗಿನದು ಪುಂಡ. ನಾಲಿಗೆ ಆ ಕಡೆ ಹೋದರೆ ಅದು ಈ ಕಡೆ. ಮಾತಂತೂ ಕೇಳಬೇಡಿ. ನಮ್ಮೂರಿನ ಬೋರ್ಡಲ್ಲಿ 'ಶಿರಸಿ', ಜನರ ಬಾಯಲ್ಲಿ 'ಸಿರ್ಸಿ' ಅಲ್ವಾ? ಬಸ್ಸಲ್ಲಿ ನಾನು "ಒಂದು ಶಿರ್ಶಿ" ಅಂದೆ. ಕಂಡಕ್ಟರ್ ಕೈ ಮುಗಿದು, "ಹೆಗಡೇರೇ, ಇಷ್ಟು ಶುದ್ಧ ಕನ್ನಡ ಈ ರೂಟಲ್ಲಿ ಯಾರೂ ಮಾತಾಡೋದಿಲ್ಲ" ಅಂದರು.

ಸ್ವಂತ ಹಲ್ಲಿಗೆ ಅರವತ್ತು ವರ್ಷ ನಾನು ಮಾಡದ ಸೇವೆಯನ್ನು ಈ ಸೆಟ್ಟು ಒಂದೇ ವಾರದಲ್ಲಿ ಮಾಡಿಸಿಕೊಂಡಿತು. ಊಟ ಆದಮೇಲೆ ತೊಳೆಯಬೇಕು. ತೊಳೆಯುವಾಗ ಕೆಳಗೆ ಬೋಗುಣಿಯಲ್ಲಿ ನೀರಿರಬೇಕು, ಕೈಜಾರಿದರೂ ಒಡೆಯಬಾರದು. ಪೇಸ್ಟ್ ಹಾಕಿ ತಿಕ್ಕಬಾರದು, ಗೀರು ಬೀಳುತ್ತದೆ. ಮೆತ್ತನೆ ಬ್ರಷ್, ಸ್ವಲ್ಪ ಸೋಪು ಸಾಕು. ರಾತ್ರಿ ತೆಗೆದು ನೀರಲ್ಲಿ ಇಡಬೇಕು. ಹೀಗಾಗಿ ನನ್ನ ಹಲ್ಲಿಗೊಂದು ಸ್ಟೀಲ್ ಲೋಟ ಮೀಸಲಾಯಿತು. ಹೆಂಡತಿ ಅದಕ್ಕೆ ಕೆಂಪು ದಾರ ಕಟ್ಟಿದಳು. ನೆಂಟರು ಬಂದಾಗ ಅವಳ ಕಣ್ಣು ಮೊದಲು ಆ ದಾರ ಹುಡುಕುತ್ತದೆ.

ಕವಳ ಬಿಡಿ ಅಂತಲೂ ಡಾಕ್ಟರು ಹೇಳಿದ್ದರು. ಹಲ್ಲಿಗಾಗಿ ಅಲ್ಲ, ಬಾಯಿ ಕ್ಯಾನ್ಸರ್ ಬರುತ್ತದೆ ಅಂತ. ಬಿಟ್ಟೆ. ಅಂದರೆ, ಜಾಸ್ತಿ ಕಮ್ಮಿ ಬಿಟ್ಟೆ. ಆದರೆ ಆ 'ಜಾಸ್ತಿ ಕಮ್ಮಿ'ಯ ಕಲೆ ಸೆಟ್ಟಿನ ಮೇಲೆ ಕೂತಿತು. ಮಾರನೇ ದಿನ ಭಾವನ ಮಗಳ ಮದುವೆ. ಸುಮ್ನೆ ಇರಬೇಕಿತ್ತು. ಬಚ್ಚಲ ಹಂಡೆಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಎಣ್ಣೆ ಜಿಡ್ಡೇ ಬಿಡುವಾಗ ಇದು ಬಿಡದೇ ಇರುತ್ತದಾ ಅಂತ ಒಂದು ಚೊಂಬು ಎತ್ತಿ ಲೋಟಕ್ಕೆ ಹೊಯ್ದೆ.

ಕಲೆ ಹೋಗಲಿಲ್ಲ, ಆಕಾರ ಹೋಯಿತು. ಬೆಳಿಗ್ಗೆ ಕೆಳಗಿನ ಸೆಟ್ಟು ಹಾಕಿದರೆ ಏತದ ಹಾಗೆ ಆಡುತ್ತದೆ. ಎಡಕ್ಕೆ ಕಚ್ಚಿದರೆ ಬಲಕ್ಕೆ ಏಳುತ್ತದೆ. ಮದುವೆಯಲ್ಲಿ ಎಲ್ಲರಿಗೂ ಬಾಯಿ ಮುಚ್ಚಿ ನಗು ಕೊಟ್ಟೆ. ಬೀಗರು ಇವರೇನೋ ಮುನಿಸಿಕೊಂಡಿದ್ದಾರೆ ಅಂದುಕೊಂಡು ಎರಡು ಸಲ ಬಂದು ಉಪಚಾರ ಮಾಡಿದರು. ಪಂಕ್ತಿಯಲ್ಲಿ ಪಾಯಸ, ಅಪ್ಪೆಹುಳಿ ಮಾತ್ರ ನನ್ನ ಪಾಲಿಗೆ.

ಡಾಕ್ಟರು ಸೆಟ್ಟನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. "ಬಿಸಿನೀರಾ?"

"ಸ್ವಲ್ಪ."

"ಹೆಗಡೇರೇ, ಇದು ಅಕ್ರಿಲಿಕ್ಕು. ಅನ್ನದ ಪಾತ್ರೆ ಅಲ್ಲ."

ಮತ್ತೆ ಅದೇ ಹಿಟ್ಟು, ಅದೇ ಮೇಣ. ಮಾರಿಕಾಂಬೆಗೆ ಈ ಸಲ ಒಂದೇ ಹಣ್ಣುಕಾಯಿ, ಅನುಭವ ಇತ್ತಲ್ಲ. ಹೊಸ ಸೆಟ್ಟು ಬಂದ ಮೇಲೆ ಹದಿನೈದು ದಿನ ಕನ್ನಡಿ ಮುಂದೆ ನಿಂತು ಪೇಪರನ್ನು ಜೋರಾಗಿ ಓದಿದೆ. ನಾಲಿಗೆ ಹದಕ್ಕೆ ಬಂತು. ಮೊನ್ನೆ ಬಸ್ಸು ಹತ್ತಿ ನೋಟು ಚಾಚಿ ಸ್ಪಷ್ಟವಾಗಿ, "ಒಂದು ಸಿರ್ಸಿ" ಅಂದೆ.

ಕಂಡಕ್ಟರ್ ಟಿಕೆಟ್ ಕೊಡದೆ ನನ್ನ ಮುಖವನ್ನೇ ನೋಡಿದರು. "ಎಂತ ಹೆಗಡೇರೇ, ಇವತ್ತು ಹಲ್ಲು ಮನೇಲೇ ಬಿಟ್ಟು ಬಂದ್ರಾ?"